ರಕ್ತಕಣಗಳ ಅನುಪಾತ ಏನು ಹೇಳುತ್ತದೆ?

ಪ್ರಶ್ನೆ: ತಂದೆಯವರಿಗೆ ಶ್ವಾಸಕೋಶದ ಕ್ಯಾನ್ಸರ್ ಇದೆ. ಇಮ್ಯುನೊಥೆರಪಿಗೆ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಚಿಕಿತ್ಸೆಗೆ) ಮುನ್ನ ವೈದ್ಯರು ವರದಿಯಲ್ಲಿ ‘ಎನ್‌ಎಲ್‌ಆರ್ 6’ ಎಂದು ಬರೆದಿದ್ದಾರೆ. ಚಿಕಿತ್ಸೆ ಫಲಿಸುವುದಿಲ್ಲವೆಂದು ಇದರ ಅರ್ಥವೇ?

ಉತ್ತರ: ಖಂಡಿತ ಅಲ್ಲ. ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್ ಎರಡು ಬಗೆಯ ಬಿಳಿರಕ್ತಕಣಗಳು. ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯಲ್ಲಿರುವ ನ್ಯೂಟ್ರೋಫಿಲ್ ಪ್ರಮಾಣವನ್ನು ಲಿಂಫೋಸೈಟ್ ಪ್ರಮಾಣದಿಂದ ಭಾಗಿಸಿದರೆ ಬರುವುದೇ ಎನ್‌ಎಲ್‌ಆರ್ ಎಂಬ ಈ ಅನುಪಾತ. ಅವು ಕ್ರಮವಾಗಿ ಶೇ. 78 ಮತ್ತು ಶೇ. 13 ಇದ್ದರೆ ಉತ್ತರ 6. ದೇಹದಲ್ಲಿ ಉರಿಯೂತ ಹೆಚ್ಚಿದಾಗ ನ್ಯೂಟ್ರೋಫಿಲ್‌ಗಳು ಏರಿ, ಗೆಡ್ಡೆಯ ವಿರುದ್ಧ ಹೋರಾಡಬೇಕಾದ ಲಿಂಫೋಸೈಟ್‌ಗಳು ಇಳಿಯುವುದರಿಂದ ವೈದ್ಯರು ಇದನ್ನು ಗಮನಿಸುತ್ತಾರೆ. ನಾನಾ ಬಗೆಯ ಕ್ಯಾನ್ಸರ್‌ಗಳ 100 ಅಧ್ಯಯನಗಳನ್ನು, ಅಂದರೆ 40,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು, 2014ರಲ್ಲಿ ಒಟ್ಟಾಗಿ ವಿಶ್ಲೇಷಿಸಿದಾಗ, ಅನುಪಾತ ಹೆಚ್ಚಿದ್ದವರ ಆಯುಷ್ಯ ಒಟ್ಟಾರೆ ಕಡಿಮೆಯಿದ್ದುದು ಕಂಡುಬಂದಿತು. ಆದರೆ ಇದು ಗುಂಪಿನ ಲೆಕ್ಕವೇ ಹೊರತು ನಿಮ್ಮ ತಂದೆಯವರ ಭವಿಷ್ಯವಲ್ಲ. ಸೋಂಕು, ಡೆಕ್ಸಾಮೆಥಸೋನ್‌ನಂತಹ ಸ್ಟೀರಾಯ್ಡ್ ಅಥವಾ ಬಿಳಿರಕ್ತಕಣ ಹೆಚ್ಚಿಸುವ ಚುಚ್ಚುಮದ್ದಿನಿಂದಲೂ ಈ ಸಂಖ್ಯೆ ಏರುತ್ತದೆ. ಹಾಗಾಗಿ ರಕ್ತ ಕೊಟ್ಟ ದಿನ ಅವರು ಯಾವ ಔಷಧ ತೆಗೆದುಕೊಳ್ಳುತ್ತಿದ್ದರೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.