ರಾಣೆಬೆನ್ನೂರಿನ ಕಡೆ ಹೊಲದ ತುಂಬ ಚಿಗರಿ, ಅಂದರೆ ಕೃಷ್ಣಮೃಗ; ಮಲೆನಾಡಿನ ಕಾಡಿನಲ್ಲಿ ಒಂದೂ ಇಲ್ಲ. ಯಾಕೆ?

ಇದರಲ್ಲಿ ಎರಡು ಪ್ರಶ್ನೆಗಳಿವೆ. ಯಾವುದೇ ಪ್ರಾಣಿ ಎಲ್ಲೆಲ್ಲಿ ಇರುತ್ತದೆ? ಇದ್ದ ಕಡೆ ಎಷ್ಟಿರುತ್ತದೆ?

ಎಲ್ಲಿ ಅನ್ನುವುದು ಸುಲಭ. ಚಿಗರಿ (ಹುಬ್ಬಳ್ಳಿ-ಧಾರವಾಡದ ಬಸ್ಸಿಗೆ ಹೆಸರು ಕೊಟ್ಟದ್ದು ಇದೇ) ಬಯಲಿನ ಪ್ರಾಣಿ. ಶತ್ರುವನ್ನು ದೂರದಿಂದಲೇ ಕಂಡು ಓಡಿ ಬದುಕುತ್ತದೆ. ದಟ್ಟ ಕಾಡಿನಲ್ಲಿ ಆ ಆಟ ನಡೆಯುವುದಿಲ್ಲ.

ಎಷ್ಟು ಅನ್ನುವುದು ಹುಟ್ಟು, ಸಾವು, ಹೊರಗಿಂದ ಬರುವವು, ಬಿಟ್ಟು ಹೋಗುವವು, ಈ ನಾಲ್ಕರ ಲೆಕ್ಕ. ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಬೇಟೆಯಿಂದ ರಕ್ಷಣೆ ಸಿಕ್ಕಿತು. ಸುತ್ತಲಿನ ಹೊಲಗಳಲ್ಲಿ ಮೇವೂ ಸಿಕ್ಕಿತು. ರೈತರ ಪಾಡು ಬೇರೆ ಬಿಡಿ!

ಅದೇ ಬಯಲಲ್ಲಿ ಒಂದು ಕಾಲಕ್ಕೆ ಎರೆಭೂತ ಹಕ್ಕಿಯೂ ಇತ್ತು, ಅದೇ ಗ್ರೇಟ್ ಇಂಡಿಯನ್ ಬಸ್ಟರ್ಡ್. ಅದು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ನಾಯಿಯೋ ದನದ ಕಾಲ್ತುಳಿತವೋ, ಅದೊಂದು ಹೋದರೆ ಆ ಸಲದ ಸಂತಾನವೇ ಹೋಯಿತು. ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟದ್ದೂ ಅದಕ್ಕೆ ಒಳ್ಳೆಯದಾಗಲಿಲ್ಲ. ಚಿಗರಿ ಹೊಲಕ್ಕೆ ಹೊಂದಿಕೊಂಡಿತು, ಎರೆಭೂತಕ್ಕೆ ಆಗಲಿಲ್ಲ. ಒಂದೇ ಜಾಗ, ಒಂದೇ ಹುಲ್ಲು, ಫಲ ಮಾತ್ರ ಬೇರೆ.

ಇನ್ನೊಂದು ಮಾತು. ಚಿಗರಿ ಹಿಂಡಿನಲ್ಲಿರುತ್ತದೆ, ಸಮವಾಗಿ ಹರಡಿರುವುದಿಲ್ಲ. ಒಂದು ಹೊಲದಲ್ಲಿ ನಲವತ್ತು ಕಂಡರೆ ಪಕ್ಕದಲ್ಲಿ ಸೊನ್ನೆ ಇರಬಹುದು. ಹಾಗಾಗಿ ಒಂದೇ ಹೊಲ ನೋಡಿ ಇಡೀ ತಾಲ್ಲೂಕಿಗೆ ಗುಣಿಸಿದರೆ ಲೆಕ್ಕ ತೀರಾ ಜಾಸ್ತಿಯೋ ತೀರಾ ಕಡಿಮೆಯೋ ಆಗಬಹುದು. ಅಲ್ಲಲ್ಲಿ ಹಲವು ತುಣುಕು ಜಾಗ ಆರಿಸಿ, ಖಾಲಿ ಇದ್ದವನ್ನೂ ಸೇರಿಸಿ ಎಣಿಸಬೇಕು.