ಬೇಲಿಯ ಮುಳ್ಳುಗಿಡದ ಕಪ್ಪು ಹಣ್ಣು ತಿನ್ನಬಹುದಾ? ಮನೆಯಲ್ಲಿ ಬೆಳೆಸೋದು ಹೇಗೆ?

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮ ಕಾಫಿ ತೋಟದ ಬೇಲಿಯಲ್ಲಿ ಉದ್ದಕ್ಕೆ ಬಾಗಿ ಬೆಳೆಯುವ ಮುಳ್ಳಿನ ಗಿಡ ಇದೆ. ಬೇಸಿಗೆಯಲ್ಲಿ ಕೆಂಪು ಹಣ್ಣು ಬಿಟ್ಟು ಆಮೇಲೆ ಕಪ್ಪಾಗುತ್ತದೆ. ಸ್ವಲ್ಪ ಮೇಲಕ್ಕೆ ಹೋದರೆ ಹಳದಿ ಹಣ್ಣಿನದೂ ಇದೆ. ಮಕ್ಕಳು ಕಿತ್ತು ತಿನ್ನುತ್ತಾರೆ, ನನಗೆ ಭಯ. ಇವು ಯಾವುವು? ಮೈಸೂರಿನ ಮನೆಯಲ್ಲಿ ಬೆಳೆಸಬಹುದಾ?

ಉತ್ತರ: ನಿಮ್ಮ ವಿವರಣೆ ನೋಡಿದರೆ ಕಪ್ಪು ಹಣ್ಣಿನದು ರೂಬಸ್ ನಿವಿಯಸ್ ಇರಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಮೈಸೂರು ರಾಸ್ಪ್‌ಬೆರಿ ಅಂತಲೇ ಹೆಸರು. ನಮ್ಮದೇ ಬೆಟ್ಟಗಳ ಗಿಡ, ಒಳ್ಳೆ ಹಣ್ಣು. ಆದರೆ ಬರೀ ಹಣ್ಣಿನ ಬಣ್ಣ ನೋಡಿ ಗುರುತು ಹಿಡಿಯಬೇಡಿ. ಎಲೆ ತಿರುಗಿಸಿ ನೋಡಿ.

ಒಂದೇ ತೊಟ್ಟಿನಲ್ಲಿ ಐದು, ಏಳು ಅಥವಾ ಒಂಬತ್ತು ಚಿಕ್ಕ ಎಲೆಗಳಿದ್ದು, ಅವುಗಳ ಅಡಿಭಾಗ ಹತ್ತಿ ಅಂಟಿಸಿದ ಹಾಗೆ ಬೆಳ್ಳಗಿದ್ದರೆ ಅದೇ. ನಿವಿಯಸ್ ಅನ್ನುವ ಲ್ಯಾಟಿನ್ ಪದಕ್ಕೆ ಹಿಮದ ಹಾಗೆ ಬಿಳಿ ಅಂತ ಅರ್ಥ. ಕಾಂಡದ ಮೇಲೂ ಬೂದಿ ಬಳಿದಂಥ ಬಿಳಿ ಪುಡಿ ಇರುತ್ತದೆ, ಬೆರಳಲ್ಲಿ ಒರೆಸಿದರೆ ಹೋಗುತ್ತದೆ. ಹೂವು ಗುಲಾಬಿ ಬಣ್ಣ. ಇನ್ನೊಂದು ಗುರುತು ಹಣ್ಣಿನಲ್ಲೇ ಇದೆ: ಮಾಗಿದ್ದನ್ನು ಮೆಲ್ಲಗೆ ಎಳೆದರೆ ಮಧ್ಯದ ದಿಂಡು ಗಿಡದಲ್ಲೇ ಉಳಿದು, ಹಣ್ಣು ಟೋಪಿಯ ಹಾಗೆ ಟೊಳ್ಳಾಗಿ ಕೈಗೆ ಬರುತ್ತದೆ.

ಹಳದಿ ಹಣ್ಣಿನದು ಇದರದೇ ಬಂಧು, ರೂಬಸ್ ಎಲಿಪ್ಟಿಕಸ್. ಅದರ ಎಲೆ ಮೂರೇ ಮೂರು, ದುಂಡಗೆ. ಕಾಂಡದ ತುಂಬ ಕೆಂಪು ಮಿಶ್ರಿತ ಕಂದು ರೋಮ. ಹೂವು ಬಿಳಿ. ಅದನ್ನೂ ತಿನ್ನಬಹುದು, ಅದೂ ಟೊಳ್ಳು.

ಮಕ್ಕಳಿಗೆ ಗೊಂದಲ ಆಗೋದು ಲಂಟಾನದ ಜೊತೆ. ಅದೂ ಬೇಲಿಯಲ್ಲೇ ಇರುತ್ತದೆ, ಅದಕ್ಕೂ ಮುಳ್ಳು, ಹಣ್ಣೂ ಕಪ್ಪು. ಆದರೆ ಅದರ ಎಲೆಗಳು ಕಾಂಡದಲ್ಲಿ ಎದುರುಬದುರು ಜೋಡಿಯಾಗಿರುತ್ತವೆ, ಉಜ್ಜಿದರೆ ಕಟು ವಾಸನೆ. ಹಣ್ಣು ಬಿಡಿಬಿಡಿ ಮಣಿಗಳ ಗೊಂಚಲು. ಅದರ ಹಸಿರು ಕಾಯಿ ವಿಷ, ಇದನ್ನು ಮಕ್ಕಳಿಗೆ ಗಿಡದ ಹತ್ತಿರವೇ ಕರೆದುಕೊಂಡು ಹೋಗಿ ತೋರಿಸಿ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಕಳೆನಾಶಕದ್ದು. ಬೇಲಿ ಸಾಲಿಗೆ ಔಷಧಿ ಹೊಡೆಸಿದ್ದರೆ ಆ ಸಲದ ಹಣ್ಣನ್ನು ಯಾರೂ ತಿನ್ನೋದು ಬೇಡ.

ಇನ್ನು ಬೆಳೆಸುವ ವಿಷಯ. ಬೀಜದ ಹಿಂದೆ ಹೋಗಬೇಡಿ, ಸಿಪ್ಪೆ ಗಟ್ಟಿ, ಮೊಳಕೆಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಬೇಲಿಯಲ್ಲಿ ಬಾಗಿದ ರೆಂಬೆಯ ತುದಿ ನೆಲಕ್ಕೆ ತಾಗಿ ತಾನೇ ಬೇರು ಬಿಟ್ಟಿರೋದನ್ನು ನೀವು ನೋಡಿರಬಹುದು, ಅಲ್ವಾ? ಅದನ್ನೇ ನಾವೂ ಮಾಡೋದು. ಮಳೆಗಾಲ ಶುರುವಾದ ಮೇಲೆ ಒಂದು ಎಳೆ ರೆಂಬೆ ಬಗ್ಗಿಸಿ, ತುದಿಯನ್ನು ಮಣ್ಣು ತುಂಬಿದ ಕುಂಡದಲ್ಲಿ ಮೂರು ಇಂಚು ಹೂತು, ಮೇಲೆ ಒಂದು ಕಲ್ಲು ಇಡಿ. ಸುಮಾರು ಎರಡು ತಿಂಗಳಿಗೆ ಬೇರು ಹಿಡಿದು ಹೊಸ ಚಿಗುರು ಬರುತ್ತದೆ. ಆಗ ತಾಯಿಗಿಡದ ಕಡೆಯಿಂದ ಕತ್ತರಿಸಿ ಕುಂಡದ ಸಮೇತ ಮೈಸೂರಿಗೆ ತನ್ನಿ. ರಕ್ಷಿತಾರಣ್ಯದಿಂದ ಮಾತ್ರ ಕೀಳಬೇಡಿ, ನಿಮ್ಮ ತೋಟದಲ್ಲೇ ಬೇಕಾದಷ್ಟಿದೆ.

ಯುರೋಪಿನ ರಾಸ್ಪ್‌ಬೆರಿಗೆ ಚೆನ್ನಾಗಿ ಚಳಿ ಬೇಕು. ಇದಕ್ಕೆ ಅಷ್ಟು ಬೇಡ, ಅದಕ್ಕೇ ಫ್ಲೋರಿಡಾದಂಥ ಬಿಸಿ ಜಾಗದಲ್ಲೂ ಬೆಳೆಸುತ್ತಾರೆ. ಮೈಸೂರಿನಲ್ಲಿ ಬೆಳಗಿನ ಬಿಸಿಲು ಸಿಕ್ಕಿ ಮಧ್ಯಾಹ್ನ ನೆರಳಿರುವ ಜಾಗ ನೋಡಿ. ನೀರು ನಿಲ್ಲಲೇಬಾರದು, ನಿಂತರೆ ಬೇರು ಕೊಳೆಯುತ್ತದೆ. ಕೊಟ್ಟಿಗೆ ಗೊಬ್ಬರ ಹಾಕಿ, ಬುಡಕ್ಕೆ ತರಗೆಲೆ ದಪ್ಪಗೆ ಹೊದಿಸಿ. ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ ಬಿಟ್ಟು, ಎರಡು ಸಾಲು ತಂತಿ ಎಳೆದು ರೆಂಬೆಗಳನ್ನು ಅದಕ್ಕೆ ಕಟ್ಟಿ. ತಾರಸಿಯಾದರೆ ದೊಡ್ಡ ಡ್ರಮ್ಮೇ ಬೇಕು. ಹಣ್ಣು ಬಿಟ್ಟು ಮುಗಿದ ಹಳೆ ರೆಂಬೆಯನ್ನು ಬುಡದ ತನಕ ಸವರಿಬಿಡಿ, ಹೊಸ ರೆಂಬೆಗೆ ಜಾಗ ಸಿಗಲಿ.

ಈ ಸವರುವ ಕೆಲಸದಲ್ಲಿ ಸೋಮಾರಿತನ ಬೇಡ. ಗಲಪಗಾಸ್ ದ್ವೀಪಗಳಿಗೆ ಹೊರಗಿನಿಂದ ಹೋಗಿ ಸೇರಿದ ಇದೇ ಗಿಡ ಅಲ್ಲಿ ಕಾಡಿನೊಳಗೆ ಹಬ್ಬಿ ಪೊದೆಯಾಗಿ, ಸ್ಥಳೀಯ ಗಿಡಗಳಿಗೆ ಜಾಗವೇ ಇಲ್ಲದ ಹಾಗೆ ಮಾಡಿದೆ. ಹಳದಿ ಹಣ್ಣಿನದು ಹವಾಯಿಯಲ್ಲಿ ದೊಡ್ಡ ತಲೆನೋವು. ಹಾಗಾಗಿ ವಿದೇಶದಲ್ಲಿರುವ ನೆಂಟರು ಕೇಳಿದರೂ ಬೀಜ ಕಳಿಸಬೇಡಿ, ದಯವಿಟ್ಟು.

ಹಣ್ಣು ಪೂರ್ತಿ ಕಪ್ಪಾಗುವ ತನಕ ಕಾಯಿರಿ, ಕೆಂಪಿದ್ದಾಗ ಹುಳಿ. ಹಕ್ಕಿಗಳೂ ಕಾಯುತ್ತಿರುತ್ತವೆ, ಒಂದು ಬಲೆ ಹೊದಿಸಿ. ಕಿತ್ತ ದಿನವೇ ತಿಂದರೆ ಚೆಂದ. ಫ್ರಿಜ್ಜಿನಲ್ಲಿ ಇಡುವುದಾದರೆ ತೊಳೆಯದೆ ಇಡಿ, ಅದೂ ಒಂದೆರಡು ದಿನ ಅಷ್ಟೇ. ಜಾಸ್ತಿ ಬಂದರೆ ಸಕ್ಕರೆ ಹಾಕಿ ಕುದಿಸಿ ಜಾಮ್ ಮಾಡಿಡಿ.