ಮ್ಯಾಲಕ್ ಯಶಸ್ವಿಯಾದ ಮೇಲೂ ಲಿನಕ್ಸ್ ನನ್ನ ಪ್ರೋಗ್ರಾಮನ್ನು ಕೊಲ್ಲುವುದೇಕೆ?

ನಿಮ್ಮ ಸಿ ಪ್ರೋಗ್ರಾಮಿನ ಮೆಮೊರಿ ಕೇಳುವ ಪ್ರತಿ ಮ್ಯಾಲಕ್ ಕರೆಯ ನಂತರವೂ, ಮೆಮೊರಿ ಸಿಕ್ಕಿತೇ ಎಂದು ನೋಡುವ ನಲ್ ಪರೀಕ್ಷೆ ಇದೆ, ಅದು ಒಮ್ಮೆಯೂ ವಿಫಲವಾಗಿಲ್ಲ, ಆದರೂ ಸ್ವಲ್ಪ ಹೊತ್ತಿನಲ್ಲಿ ಟರ್ಮಿನಲ್‌ನಲ್ಲಿ ‘ಕಿಲ್ಡ್’ ಎಂಬ ಒಂದೇ ಪದ ಕಾಣಿಸಿ ಪ್ರೋಗ್ರಾಂ ನಿಂತುಹೋಗುತ್ತದೆ ಎಂದು ಬರೆದಿದ್ದೀರಿ. ಮ್ಯಾಲಕ್ ನಿಮಗೆ ಕೊಟ್ಟಿರುವುದು ಬರಿಯ ವಿಳಾಸಗಳನ್ನು. ಅವುಗಳ ಹಿಂದೆ ಇರಬೇಕಾದ ಮೆಮೊರಿ ಆ ಹೊತ್ತಿಗೆ ಇನ್ನೂ ಹಂಚಿಕೆಯಾಗಿರುವುದಿಲ್ಲ.

ದೊಡ್ಡ ಪ್ರಮಾಣದ ಮೆಮೊರಿ ಕೇಳಿದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ವರ್ಚುವಲ್ ವಿಳಾಸಗಳ ಒಂದು ವ್ಯಾಪ್ತಿಯನ್ನು ನಿಮ್ಮ ಹೆಸರಿಗೆ ಗುರುತು ಹಾಕಿಕೊಳ್ಳುತ್ತದೆ, ಅಷ್ಟೆ. ಸಾಮಾನ್ಯವಾಗಿ 4 ಕಿಲೋಬೈಟ್ ಗಾತ್ರದ ಒಂದೊಂದು ಪುಟಕ್ಕೂ ನೀವು ಮೊದಲ ಬಾರಿ ಏನಾದರೂ ಬರೆದಾಗ ಪೇಜ್ ಫಾಲ್ಟ್ (ಈ ಪುಟಕ್ಕೆ ಮೆಮೊರಿ ಇನ್ನೂ ಇಲ್ಲ ಎಂದು ಪ್ರೊಸೆಸರ್ ಕರ್ನಲ್‌ಗೆ ತಿಳಿಸುವುದು) ಉಂಟಾಗಿ, ಆಗಷ್ಟೇ ನಿಜವಾದ ರ‍್ಯಾಮ್ ಹುಡುಕಲಾಗುತ್ತದೆ. ಹೀಗೆ ಇರುವುದಕ್ಕಿಂತ ಹೆಚ್ಚು ಕೊಡಲೊಪ್ಪುವುದನ್ನು ಓವರ್‌ಕಮಿಟ್ ಎನ್ನುತ್ತಾರೆ. ಇದನ್ನು ಬೇಜವಾಬ್ದಾರಿ ಎಂದು ತಳ್ಳಿಹಾಕುವಂತಿಲ್ಲ. 8 ಗಿಗಾಬೈಟ್ ಬಳಸುತ್ತಿರುವ ಪ್ರೋಗ್ರಾಂ ಒಂದು ಚಿಕ್ಕ ಕಮಾಂಡ್ ನಡೆಸಲು ಫೋರ್ಕ್ ಮಾಡಿದರೆ, ಅಂದರೆ ತನ್ನದೇ ಪ್ರತಿಯಾದ ಹೊಸ ಪ್ರಕ್ರಿಯೆಯನ್ನು ಹುಟ್ಟಿಸಿದರೆ, ಮಗು ಪ್ರಕ್ರಿಯೆ ತಂದೆಯ ಪುಟಗಳನ್ನೇ ಹಂಚಿಕೊಂಡಿದ್ದು ಬಹುಪಾಲು ಅವುಗಳನ್ನು ಮುಟ್ಟುವುದೇ ಇಲ್ಲ. ಲೆಕ್ಕಕ್ಕೆ ಮಾತ್ರ ಇನ್ನೊಂದು 8 ಗಿಗಾಬೈಟ್ ಕಾದಿರಿಸಬೇಕೆಂದು ಹಟ ಹಿಡಿದರೆ ಬಹಳಷ್ಟು ರ‍್ಯಾಮ್ ಖಾಲಿ ಇದ್ದಾಗಲೂ ಆ ಫೋರ್ಕ್ ವಿಫಲವಾಗಬಹುದು.

ಖಾಲಿ ಪುಟಗಳು ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಕೆಸ್ವಾಪ್‌ಡಿ ಎಂಬ ಕರ್ನಲ್ ಥ್ರೆಡ್ ಎಚ್ಚರಗೊಂಡು, ಫೈಲ್‌ಗಳ ಕ್ಯಾಶ್ ಪುಟಗಳನ್ನು ಬಿಟ್ಟುಕೊಟ್ಟು, ಉಳಿದ ಪುಟಗಳನ್ನು ಡಿಸ್ಕ್‌ನಲ್ಲಿರುವ ಸ್ವಾಪ್ ಜಾಗಕ್ಕೆ ಕಳುಹಿಸತೊಡಗುತ್ತದೆ. ಅದೂ ಸಾಲದಿದ್ದರೆ ಮೆಮೊರಿ ಕೇಳಿದ ಪ್ರಕ್ರಿಯೆಯೇ ನಿಂತು ಈ ಕೆಲಸ ಮಾಡಬೇಕಾಗುತ್ತದೆ. ನನ್ನ ಮಟ್ಟಿಗೆ ಕೊಲ್ಲುವುದಕ್ಕಿಂತಲೂ ಈ ಹಂತವೇ ಹೆಚ್ಚು ಕ್ರೂರವಾದದ್ದು: ಪುಟಗಳು ಡಿಸ್ಕ್‌ಗೂ ರ‍್ಯಾಮ್‌ಗೂ ನಡುವೆ ಓಡಾಡುತ್ತಲೇ ಇರುತ್ತವೆ, ಕರ್ನಲ್‌ಗೆ ಕೆಲಸ ಮುಂದುವರಿಯುತ್ತಿದೆ ಎಂದೇ ಕಾಣುತ್ತದೆ, ಬಳಕೆದಾರರಿಗೆ ಮಾತ್ರ ಮೌಸ್ ಕೂಡ ಅಲುಗಾಡುವುದಿಲ್ಲ. ಇಂಥ ಒತ್ತಡವನ್ನು ಅಳೆಯುವ ಪಿಎಸ್‌ಐ ವ್ಯವಸ್ಥೆ 2018ರ 4.20 ಕರ್ನಲ್‌ನಲ್ಲಿ ಸೇರಿತು. ಸಿಸ್ಟಮ್‌ಡಿ-ಊಮ್‌ಡಿ ಎಂಬ ಹಿನ್ನೆಲೆ ಸೇವೆ ಅದನ್ನು ನೋಡಿಕೊಂಡು ಮೊದಲೇ ಕ್ರಮ ಕೈಗೊಳ್ಳುತ್ತದೆ.

ಇಷ್ಟಾದರೂ ಪುಟ ಸಿಗದಿದ್ದಾಗ ನಿಮ್ಮ ಪ್ರೋಗ್ರಾಂ ಇರುವುದು ಮ್ಯಾಲಕ್‌ನೊಳಗೆ ಅಲ್ಲ, ಅರೇಗೆ ಬೆಲೆ ಬರೆಯುವ ಸಾಧಾರಣ ಸೂಚನೆಯೊಂದರ ಮಧ್ಯದಲ್ಲಿ. ಅಲ್ಲಿ ‘ಮೆಮೊರಿ ಇಲ್ಲ’ ಎಂದು ಹಿಂದಿರುಗಿಸಲು ರಿಟರ್ನ್ ಮೌಲ್ಯವೇ ಇಲ್ಲ. ಆದ್ದರಿಂದ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಎಂಬ ಕರ್ನಲ್‌ನ ಭಾಗ ಪ್ರತಿ ಪ್ರಕ್ರಿಯೆಯ ರ‍್ಯಾಮ್, ಸ್ವಾಪ್ ಮತ್ತು (ವಿಳಾಸಗಳ ಲೆಕ್ಕವಿಡುವ) ಪೇಜ್ ಟೇಬಲ್‌ಗಳ ಬಳಕೆಯನ್ನು ಕೂಡಿಸಿ, ಆಡಳಿತಗಾರರು −1000ದಿಂದ 1000ದವರೆಗೆ ಕೊಟ್ಟಿರಬಹುದಾದ ಹೊಂದಾಣಿಕೆಯನ್ನೂ ಸೇರಿಸಿ, ಅತಿ ಹೆಚ್ಚು ಅಂಕ ಪಡೆದದ್ದಕ್ಕೆ ಸಿಗ್‌ಕಿಲ್ ಎಂಬ ಕೊಲ್ಲುವ ಸಂಕೇತವನ್ನು ಕಳುಹಿಸುತ್ತದೆ. ಕೊನೆಯ ಪುಟ ಕೇಳಿದವರೇ ಸಾಯಬೇಕೆಂದಿಲ್ಲ. ಯಾವ ತಪ್ಪೂ ಮಾಡದ ದೊಡ್ಡ ಡೇಟಾಬೇಸ್ ಬಲಿಯಾಗಬಹುದು. ಈ ಸಂಕೇತವನ್ನು ಪ್ರೋಗ್ರಾಂ ಹಿಡಿಯಲಾಗದು. ಶೆಲ್‌ನಲ್ಲಿ 137 ಎಂಬ ನಿರ್ಗಮನ ಸಂಖ್ಯೆ, ಕರ್ನಲ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಕಂಡರೆ ನಿಮಗೆ ಆಗಿರುವುದು ಇದೇ.

ವಿಂಡೋಸ್ ಬೇರೆ ದಾರಿ ಹಿಡಿದಿದೆ: ಕಮಿಟ್ ಮಾಡಿದ, ಅಂದರೆ ಕೊಡುವುದಾಗಿ ಒಪ್ಪಿದ, ಮೆಮೊರಿಯ ಮೊತ್ತ ರ‍್ಯಾಮ್ ಮತ್ತು ಪೇಜ್ ಫೈಲ್ (ವಿಂಡೋಸ್‌ನ ಸ್ವಾಪ್) ಸೇರಿದ ಮಿತಿಯನ್ನು ಮೀರುವಂತಿದ್ದರೆ ಕೇಳಿದಾಗಲೇ ನಿರಾಕರಿಸುತ್ತದೆ. ಲಿನಕ್ಸ್‌ನಲ್ಲೂ ಓವರ್‌ಕಮಿಟ್ ಆಯ್ಕೆಯನ್ನು 2 ಮಾಡಿದರೆ ಇದೇ ಬಗೆಯ ಕಟ್ಟುನಿಟ್ಟು ಬರುತ್ತದೆ, ಆದರೆ ಆಗ ಮೇಲೆ ಹೇಳಿದ ಫೋರ್ಕ್ ತೊಂದರೆಯೂ ಬರುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಅದನ್ನು ಮುಟ್ಟದೆ, ಪ್ರೋಗ್ರಾಮನ್ನು ಸಿಗ್ರೂಪ್‌ನಲ್ಲಿ (ಮಿತಿ ಹಾಕಬಹುದಾದ ಪ್ರಕ್ರಿಯೆಗಳ ಗುಂಪಿನಲ್ಲಿ) ಇಟ್ಟು ಮೆಮೊರಿ ಮಿತಿ ಹಾಕುತ್ತಿದ್ದೆ. ಆಗ ಮಿತಿ ಮೀರಿದರೆ ಹೊಡೆತ ಆ ಗುಂಪಿನೊಳಗೇ ಉಳಿಯುತ್ತದೆ. ಜೊತೆಗೆ, ಮಧ್ಯಂತರ ಫಲಿತಾಂಶಗಳನ್ನು ಆಗಾಗ ಡಿಸ್ಕ್‌ಗೆ ಬರೆದಿಡಿ. ನಲ್ ಪರೀಕ್ಷೆಗಳನ್ನು ಮಾತ್ರ ದಯವಿಟ್ಟು ತೆಗೆಯಬೇಡಿ: ಯೂಲಿಮಿಟ್ (ಶೆಲ್‌ನಿಂದ ಪ್ರಕ್ರಿಯೆಗೆ ಹಾಕುವ ಮಿತಿ) ಹಾಕಿದ ಕಡೆ, ಕಟ್ಟುನಿಟ್ಟಿನ ಆಯ್ಕೆಯಿರುವ ಕಡೆ ಮತ್ತು ವಿಂಡೋಸ್‌ನಲ್ಲಿ ಅವು ಖಂಡಿತ ಉಪಯೋಗಕ್ಕೆ ಬರುತ್ತವೆ.